ಪಶ್ಚಾತ್ತಾಪ (ಕ್ರೈಸ್ತ)

ಮಾಡಿದ ತಪ್ಪನ್ನು ತಪ್ಪೆಂದು ಅರಿತು, ಅದಕ್ಕಾಗಿ ನೊಂದು, ದೇವರ ಮುಂದೆ ಒಪ್ಪಿಕೊಂಡು, ಹಿಡಿದ ದಾರಿಯನ್ನು ಬಿಟ್ಟು ದೇವರ ಕಡೆಗೆ ಮರಳುವುದನ್ನು ಕ್ರೈಸ್ತ ಧರ್ಮದಲ್ಲಿ ಪಶ್ಚಾತ್ತಾಪ ಎನ್ನುತ್ತಾರೆ. ನೇತ್ರಾವತಿಯ ದಡದ ಫರಂಗಿಪೇಟೆಯಿಂದ ಚಾರ್ಮಾಡಿ ಘಾಟಿಯ ಬುಡದವರೆಗೆ ಹರಡಿರುವ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಸೀಮೆಯಲ್ಲಿ ಇದರ ಆಚರಣೆ ಒಂದೇ ಬಗೆಯದಲ್ಲ. ಗೋವೆಯ ಕಡೆಯಿಂದ ಬಂದ ಕೊಂಕಣಿ ಕೆಥೋಲಿಕರು, ಬಾಸೆಲ್ ಮಿಶನ್ನಿನಿಂದ ಬೆಳೆದ ಪ್ರೊಟೆಸ್ಟಂಟ್ ಸಭೆಗಳು, ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಸೀರೋ-ಮಲಬಾರ್ ಕೆಥೋಲಿಕರು, ಈ ಮೂವರೂ ಮರಳುವ ದಾರಿಯನ್ನು ಮೂರು ರೀತಿಯಲ್ಲಿ ಹಾಕಿಕೊಂಡಿದ್ದಾರೆ. ಪಾಪ ಯಾವುದೆಂಬ ವಿಷಯದಲ್ಲಿ ಅವರ ನಡುವೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ತಪ್ಪೊಪ್ಪಿಗೆಯನ್ನು ಯಾರು ಕೇಳಬೇಕು, ಎಷ್ಟು ಜನರ ಎದುರಿಗೆ, ಯಾವ ದಿನ ಎಂಬಲ್ಲಿಯೇ ಅಂತರವಿದೆ.

ಹೀಬ್ರೂ ಧರ್ಮಗ್ರಂಥಗಳಲ್ಲಿ ಈ ಅರ್ಥಕ್ಕೆ ಬಳಕೆಯಾಗುವ ‘ಶೂವ್’ ಎಂಬ ಧಾತು ನಡೆಯುವವನು ತಿರುಗಿ ಬರುವುದನ್ನು ಹೇಳುತ್ತದೆ. ಹೊಸ ಒಡಂಬಡಿಕೆಯ ಗ್ರೀಕಿನ ‘ಮೆತನೋಯಾ’ ಎಂದರೆ ಮನಸ್ಸು ಬೇರೆಯಾಗುವುದು. ಲ್ಯಾಟಿನ್ನಿನಲ್ಲಿ ಅದು ‘ಪೊಯೆನಿತೆನ್ಸಿಯಾ’ ಆದಾಗ ನೋವು ಮತ್ತು ಪ್ರಾಯಶ್ಚಿತ್ತದ ಛಾಯೆ ಸೇರಿಕೊಂಡಿತು. ಕನ್ನಡಕ್ಕೆ ಬೈಬಲನ್ನು ತಂದವರ ಮುಂದೆಯೂ ಇದೇ ಕವಲುದಾರಿಯಿತ್ತು. ‘ಪಶ್ಚಾತ್ತಾಪ’ದಲ್ಲಿ ಆಮೇಲೆ ಬರುವ ಬೇಗೆಯಿದೆ, ಮುಂದಿನ ಹೆಜ್ಜೆಯಿಲ್ಲ, ‘ಪ್ರಾಯಶ್ಚಿತ್ತ’ ಧರ್ಮಶಾಸ್ತ್ರಗಳಲ್ಲಿ ಆಗಲೇ ವಿಧಿ, ದಾನ, ಸ್ನಾನಗಳ ಅರ್ಥವನ್ನು ಹೊತ್ತಿತ್ತು. ಗ್ರೀಕ್ ಪದದ ಬೆನ್ನು ಹಿಡಿದ ‘ಮಾನಸಾಂತರ’ ಅರ್ಥಕ್ಕೆ ನಿಷ್ಠವಾದರೂ ಪ್ರವಚನದ ವೇದಿಕೆಯಿಂದ ಮನೆಯ ಜಗಲಿಗೆ ಇಳಿಯಲಿಲ್ಲ. ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬ ಸರಳ ಮಾತೇ ಹೀಬ್ರೂವಿನ ಮೂಲಕ್ಕೆ ಎಲ್ಲಕ್ಕಿಂತ ಹತ್ತಿರವಾದುದು.

ಆರಂಭದ ಕ್ರೈಸ್ತ ಸಭೆಗಳಲ್ಲಿ ದೀಕ್ಷಾಸ್ನಾನವೇ ಮುಖ್ಯ ಪಶ್ಚಾತ್ತಾಪವಾಗಿತ್ತು. ಅದರ ಬಳಿಕ ಘೋರ ಪಾಪ ಮಾಡಿದವನಿಗೆ ಬದುಕಿನಲ್ಲಿ ಇನ್ನೊಂದೇ ಅವಕಾಶವಿದ್ದು, ಅದೂ ಸಭೆಯ ಕಣ್ಣೆದುರಿಗೆ, ವರ್ಷಗಟ್ಟಲೆ ನಡೆಯುವ ಪ್ರಾಯಶ್ಚಿತ್ತವಾಗಿತ್ತು. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್ ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞಾಪಿಸಿದಾಗ ಅನೇಕ ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಬಲಿ ಕೊಡದೆಯೇ ಕೊಟ್ಟಂತೆ ಪ್ರಮಾಣಪತ್ರ ಸಂಪಾದಿಸಿಕೊಂಡರು. ‘ಲಾಪ್ಸಿ’, ಅಂದರೆ ಬಿದ್ದವರು, ಎಂದು ಹೆಸರಾದ ಇವರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ರೋಮಿನ ನೊವೇಷಿಯನ್ ಕೂಡದು ಎಂದರೆ, ಕಾರ್ಥೇಜಿನ ಬಿಷಪ್ ಸಿಪ್ರಿಯನ್ 251ರ ಸಭೆಯಲ್ಲಿ ಒಬ್ಬೊಬ್ಬರ ಸ್ಥಿತಿಯನ್ನೂ ಬೇರೆಯಾಗಿ ತೂಗಿ ನೋಡುವ ನಡುದಾರಿಯನ್ನು ಹಿಡಿದನು. ಮುಂದೆ ಐರ್ಲೆಂಡಿನ ಸಂನ್ಯಾಸಿಗಳಿಂದ ಗುರುವಿನ ಕಿವಿಯಲ್ಲಿ ಗುಟ್ಟಾಗಿ, ಬೇಕಾದಷ್ಟು ಸಲ ಪಾಪ ಹೇಳಿಕೊಳ್ಳುವ ಪದ್ಧತಿ ಯುರೋಪಿಗೆ ಹರಡಿತು. 1215ರ ನಾಲ್ಕನೆಯ ಲ್ಯಾಟೆರನ್ ಪರಿಷತ್ತು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. 1517ರಲ್ಲಿ ಮಾರ್ಟಿನ್ ಲೂಥರ್ ಮಂಡಿಸಿದ 95 ಪ್ರಬಂಧಗಳಲ್ಲಿ ಮೊದಲನೆಯದೇ ಪಶ್ಚಾತ್ತಾಪವನ್ನು ಕುರಿತದ್ದು. ಅದಕ್ಕೆ ಉತ್ತರವೆಂಬಂತೆ 1551ರಲ್ಲಿ ಟ್ರೆಂಟ್ ಪರಿಷತ್ತು ಮನೋವ್ಯಥೆ, ನಿವೇದನೆ, ಪ್ರಾಯಶ್ಚಿತ್ತ ಎಂಬ ಮೂರು ಅಂಗಗಳನ್ನು ಖಚಿತಪಡಿಸಿತು.

ಟ್ರೆಂಟಿನ ಈ ಕ್ರಮವೇ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. 1622ರಲ್ಲಿ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ ಕೊಂಕಣಿ ಧರ್ಮೋಪದೇಶದಂಥ ಪುಸ್ತಕಗಳಿಂದ ಅದು ಜನರ ಮಾತಿನಲ್ಲಿ ಬೇರೂರಿತು. ಪಾಪ ಹೇಳಿಕೊಳ್ಳುವುದು ಎಂಬ ಅರ್ಥದ ಪೋರ್ಚುಗೀಸಿನ ‘ಕೊನ್ಫೆಸಾರ್’ ಕೊಂಕಣಿಯ ಬಾಯಲ್ಲಿ ‘ಕುಮ್ಸಾರ್’ ಆಯಿತು. ನೊಂದುಕೊಳ್ಳುವುದು ‘ದೂಖ್’, ಗುರು ವಿಧಿಸುವುದು ‘ಪ್ರಾಚಿತ್’. ಮೊದಲನೆಯದು ಪರದೇಶದ ಪದ, ಉಳಿದೆರಡು ಸಂಸ್ಕೃತದ ದುಃಖ ಮತ್ತು ಪ್ರಾಯಶ್ಚಿತ್ತಗಳ ತದ್ಭವಗಳು ಎಂಬುದು ಗಮನಾರ್ಹ: ನೋಯುವುದಕ್ಕೂ ಪರಿಹಾರ ಮಾಡಿಕೊಳ್ಳುವುದಕ್ಕೂ ಈ ನೆಲದಲ್ಲಿ ಮೊದಲೇ ಮಾತಿತ್ತು, ಗುರುವಿನ ಕಿವಿಯಲ್ಲಿ ಹೇಳುವುದಕ್ಕೆ ಮಾತ್ರ ಹೊಸ ಮಾತು ಬೇಕಾಯಿತು. ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಗೋವೆಯಿಂದ ತಂಡತಂಡವಾಗಿ ಕೆನರಾಕ್ಕೆ, ಅಂದರೆ ಇಂದಿನ ಕರ್ನಾಟಕದ ಕರಾವಳಿಗೆ, ಬಂದ ಕುಟುಂಬಗಳು ಈ ಪದಗಳನ್ನೂ ಜೊತೆಗೆ ತಂದವು.

ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳುವ ಕಾರ್ಥೇಜಿನ ಪ್ರಶ್ನೆ ಕನ್ನಡನಾಡಿನಲ್ಲಿ ಮರುಹುಟ್ಟು ಪಡೆದದ್ದು ಹದಿನೆಂಟನೆಯ ಶತಮಾನದ ಕೊನೆಗೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನನು ಕೆನರಾದ ಕೆಥೋಲಿಕರನ್ನು ಸೆರೆಹಿಡಿಸಿ ಘಟ್ಟದ ಮೇಲಿನ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಈ ಬಂಧನ ಆರಂಭವಾದದ್ದು 1784ರ ಫೆಬ್ರವರಿಯ ಬೂದಿ ಬುಧವಾರದಂದು, ಅಂದರೆ ಪಶ್ಚಾತ್ತಾಪದ ಗುರುತಾಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಉಪವಾಸಕಾಲವನ್ನು ತೊಡಗುವ ದಿನದಂದು, ಎಂದು ಸಮುದಾಯದ ಪರಂಪರೆ ನೆನೆಯುತ್ತದೆ. ಸೆರೆಯಾದವರ ಲೆಕ್ಕದಲ್ಲಿ ಮೂಲಗಳು ಒಂದಕ್ಕೊಂದು ಹೊಂದುವುದಿಲ್ಲ. ಹಲವು ಹತ್ತು ಸಾವಿರ ಜನ ಎಂಬುದನ್ನಷ್ಟೇ ಒಟ್ಟಾಗಿ ಹೇಳಬಹುದು. ಫರಂಗಿಪೇಟೆಯ ಮೋಂತೆ ಮರಿಯಾನೊದ ಗುರುಮಠವೂ ಸೇರಿದಂತೆ ಬಹುತೇಕ ಚರ್ಚುಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸಬೆಟ್ಟುವಿನ ಹೋಲಿ ಕ್ರಾಸ್ ಚರ್ಚ್ ಉಳಿಯಿತು. ಅದಕ್ಕೆ ಕಾರಣ ಮೂಡುಬಿದಿರೆಯ ಜೈನ ಅರಸ ಚೌಟನ ಸ್ನೇಹ ಎಂದು ಹೇಳಲಾಗುತ್ತದೆ.

ಸೆರೆಯಲ್ಲಿ ಹಲವರು ಬಲವಂತದಿಂದ ಮತಾಂತರಗೊಂಡರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಬಿಡುಗಡೆಯಾದಾಗ ಅವರನ್ನು ಮರಳಿ ಸಭೆಗೆ ಸೇರಿಸುವ ಕೆಲಸ ಎದುರಾಯಿತು. ಚದುರಿಹೋದ ಕ್ರೈಸ್ತರನ್ನು ಕೂಡಿಸಲೆಂದು ಅಲ್ಲಿಗೆ ಕರೆಸಿಕೊಂಡವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಪ್ರಮುಖನು. ಹಿಂದೂ ಆಚಾರವಿಚಾರಗಳ ಕುರಿತ ಗ್ರಂಥದಿಂದ ಹೆಸರಾದ ಅವನು 1823ರಲ್ಲಿ ಭಾರತವನ್ನು ಬಿಡುವವರೆಗೂ ಹೆಚ್ಚಾಗಿ ಮೈಸೂರು ಸೀಮೆಯಲ್ಲಿಯೇ ದುಡಿದನು. ಪೂರ್ಣ ತಿಳಿವು ಮತ್ತು ಪೂರ್ಣ ಒಪ್ಪಿಗೆ ಇಲ್ಲದ ಕಡೆ ಘೋರ ಪಾಪವಿಲ್ಲ ಎಂಬುದು ಕೆಥೋಲಿಕ್ ನೀತಿಶಾಸ್ತ್ರದ ಮಾತು. ಸಿಪ್ರಿಯನನ ಕಾಲಕ್ಕೆ ಇಷ್ಟು ನಯವಾಗಿ ಬಿಡಿಸಿ ಹೇಳಿರದ ಈ ವಿಚಾರ ಶ್ರೀರಂಗಪಟ್ಟಣದಿಂದ ಹಿಂದಿರುಗಿದವರ ಪಾಲಿಗೆ ಬಾಗಿಲನ್ನು ಅಗಲವಾಗಿ ತೆರೆಯುವಂಥದು. ಮಂಗಳೂರಿನ ಕಡೆಗೆ ಮರಳಿದವರಿಗೆ ದೇವರ ಕಡೆಗೆ ಮರಳುವುದೂ ಊರಿಗೆ ಮರಳುವುದೂ ಒಂದೇ ನಡಿಗೆಯಾಗಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಒಳಗಿನ ಭಕ್ತಿಗೆ ಒತ್ತು ಕೊಡುವ ಜರ್ಮನಿಯ ಪಯಟಿಸಂ ಪಂಥದಲ್ಲಿ ಬೆಳೆದವರು. ಅವರಿಗೆ ಗುರುವಿನ ಕಿವಿ ಬೇಕಿರಲಿಲ್ಲ, ಎದೆಯ ಬದಲಾವಣೆ ಬೇಕಿತ್ತು. ಅವರಲ್ಲೊಬ್ಬನಾದ ಸ್ಯಾಮುಯೆಲ್ ಹೆಬಿಕ್ ತನ್ನ ಬೋಧನೆಗೆ ಬಳಸುತ್ತಿದ್ದ ಚಿತ್ರಪಟಗಳು ಯೊಹಾನೆಸ್ ಗೊಸ್ನರ್ 1812ರಲ್ಲಿ ಪ್ರಕಟಿಸಿದ ‘ಹೃದಯ’ದ ಪುಸ್ತಕದಿಂದ ಬಂದವು: ಮನುಷ್ಯನ ಎದೆಯೊಳಗೆ ನವಿಲು, ಹಂದಿ, ಹಾವುಗಳ ರೂಪದಲ್ಲಿ ಕುಳಿತ ದುರ್ಗುಣಗಳು ಪಶ್ಚಾತ್ತಾಪದಿಂದ ಒಂದೊಂದಾಗಿ ಹೊರಹೋಗುತ್ತವೆ. ಸಭೆಯ ಶಿಸ್ತು ಮಾತ್ರ ಬಹಿರಂಗವಾದದ್ದು. ಕುಡಿತ, ಭೂತಾರಾಧನೆಯಲ್ಲಿ ಪಾಲ್ಗೊಳ್ಳುವುದು ಮುಂತಾದವುಗಳಿಗೆ ಸಭಾಹಿರಿಯರು ಕರ್ತನ ಭೋಜನದಿಂದ ಹೊರಗಿಡುತ್ತಿದ್ದರು, ತಪ್ಪೊಪ್ಪಿಕೊಂಡ ಮೇಲೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಗುಟ್ಟಿನ ನಿವೇದನೆಯನ್ನು ಬಿಟ್ಟ ಪ್ರೊಟೆಸ್ಟಂಟರು ಹೀಗೆ ತಿಳಿಯದೆಯೇ ಆರಂಭದ ಸಭೆಗಳ ಬಹಿರಂಗ ಪ್ರಾಯಶ್ಚಿತ್ತದ ಸಮೀಪಕ್ಕೆ ಬಂದಿದ್ದರು. ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿ 6ರಂದು ಮಿಶನ್ನಿನ ಹೆರ್ಮನ್ ಮೋಗ್ಲಿಂಗನಿಂದ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ಮಿಶನ್ನಿನ ಕಣ್ಣಿಗೆ ದೇವರ ಕಡೆಗೆ ತಿರುಗಿದ್ದು ಮನೆಯವರ ಕಣ್ಣಿಗೆ ಮನೆಗೆ ಬೆನ್ನು ತಿರುಗಿಸಿದ್ದಾಗಿ ಕಂಡಿತ್ತು.

ಇಪ್ಪತ್ತನೆಯ ಶತಮಾನದ ನಡುವಿನಿಂದ ಬೆಳ್ತಂಗಡಿಯ ಗುಡ್ಡಗಳಲ್ಲಿ ರಬ್ಬರ್ ಬೆಳೆಯಲು ಬಂದ ಮಲಯಾಳಿ ಕುಟುಂಬಗಳಿಗಾಗಿ 1999ರಲ್ಲಿ ಬೆಳ್ತಂಗಡಿ ಸೀರೋ-ಮಲಬಾರ್ ಧರ್ಮಪ್ರಾಂತ ರೂಪುಗೊಂಡಿತು. ಲಾರೆನ್ಸ್ ಮುಕ್ಕುಝಿ ಅದರ ಮೊದಲ ಬಿಷಪ್. ಪಾಪನಿವೇದನೆಗೆ ಇವರು ಹೇಳುವ ‘ಕುಂಬಸಾರಂ’ ಕೂಡ ಅದೇ ಪೋರ್ಚುಗೀಸ್ ‘ಕೊನ್ಫೆಸಾರ್’ನ ಸಂತಾನ. 1599ರ ಉದಯಂಪೇರೂರ್ ಸಭೆ ಇವರ ಪೂರ್ವಜರಾದ ಕೇರಳದ ತೋಮಾ ಕ್ರೈಸ್ತರ ಮೇಲೆ ಲ್ಯಾಟಿನ್ ಕ್ರಮವನ್ನು ಹೇರಿದಾಗ ಈ ನಿವೇದನೆಯೂ ಕಡ್ಡಾಯವಾಯಿತು. ಆದರೆ ಪಂಚಾಂಗ ಮಾತ್ರ ಪೂರ್ವ ಸಿರಿಯಾಕ್ ಪರಂಪರೆಯದ್ದೇ ಉಳಿದುಕೊಂಡಿದೆ. ಯೋನ ಪ್ರವಾದಿಯ ಎಚ್ಚರಿಕೆಗೆ ಓಗೊಟ್ಟು ಉಪವಾಸ ಮಾಡಿದ ನಿನೆವೆ ಪಟ್ಟಣದವರ ನೆನಪಿಗೆ ‘ಮೂನ್ನು ನೋಂಬು’ ಎಂಬ ಮೂರು ದಿನಗಳ ಉಪವಾಸ ಮೊದಲು ಬರುತ್ತದೆ. ಅದರ ಬಳಿಕ ಈಸ್ಟರಿಗೆ ಮುನ್ನ ಐವತ್ತು ದಿನಗಳ ನೋಂಬು. ಅದರ ಮುನ್ನಾದಿನದ ಭಾನುವಾರದ ಹೆಸರು ‘ಪೇತ್ತುರ್ತಾ’, ಹಿಂದಿರುಗಿ ನೋಡುವುದು ಎಂಬ ಅರ್ಥದ ಸಿರಿಯಾಕ್ ಪದ.

ಎರಡನೆಯ ವ್ಯಾಟಿಕನ್ ಪರಿಷತ್ತಿನ ಬಳಿಕ 1973ರಲ್ಲಿ ಹೊರಬಂದ ಹೊಸ ವಿಧಿಯು ಲ್ಯಾಟಿನ್ ಪರಂಪರೆಯಲ್ಲಿ ಪಾಪನಿವೇದನೆಗೆ ‘ಸಂಧಾನ’ದ ಅರ್ಥವನ್ನು ಮುಂದುಮಾಡಿ, ಜನ ಒಟ್ಟಾಗಿ ಪ್ರಾರ್ಥಿಸಿ ಅನಂತರ ಒಬ್ಬೊಬ್ಬರಾಗಿ ಗುರುವಿನ ಬಳಿ ಹೋಗುವ ಕ್ರಮಕ್ಕೂ ಎಡೆಮಾಡಿತು. ದಿನದ ಅಂತರ ಮಾತ್ರ ಉಳಿದಿದೆ: ಚಾರ್ಮಾಡಿಯ ದಾರಿಯುದ್ದಕ್ಕೂ ಕೊಂಕಣಿಯವರೂ ಮಲಯಾಳಿಗಳೂ ನೆರೆಹೊರೆಯಾಗಿರುವ ಬೆಳ್ತಂಗಡಿ ತಾಲೂಕಿನಲ್ಲಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿ ಸೀರೋ-ಮಲಬಾರಿನವರ ಹಣೆಗೆ ಸೋಮವಾರ ಏರಿದರೆ, ಕೊಂಕಣಿಯವರ ಹಣೆಗೆ ಎರಡು ದಿನ ಕಳೆದು ಬುಧವಾರ ಏರುತ್ತದೆ.