ಮೂರು ಬೆರಳಿನ ಉಪ್ಪು, ಒಂದು ಹಿಡಿ ಬೆಲ್ಲ

ವಾಂತಿ-ಭೇದಿ ಶುರುವಾದರೆ ನಮ್ಮ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲುವುದು ಅನ್ನ, ಆಮೇಲೆ ನೀರು. ಕುಡಿದದ್ದೆಲ್ಲ ಹೊರಗೇ ಹೋಗುತ್ತದಲ್ಲ, ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಎನ್ನುತ್ತೇವೆ. 'ಲಂಘನಂ ಪರಮೌಷಧಂ' ಎಂಬ ಮಾತಂತೂ ಬಾಯಲ್ಲೇ ಇದೆ. ಇದನ್ನು ಅಜ್ಜಿಯರ ಅಜ್ಞಾನವೆಂದು ನಗುವಂತಿಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಅದಕ್ಕೂ ಹಿಂದೆ, ಮೈಯ ನೀರೆಲ್ಲ ಬತ್ತಿಹೋದ ಕಾಲರಾ ರೋಗಿಯಿಂದ ರಕ್ತ ತೆಗೆದು, ಪಾದರಸದ ಔಷಧಿ ಕೊಟ್ಟವರೂ ವೈದ್ಯರೇ.

1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟ ಉಪ್ಪುನೀರನ್ನು ರಕ್ತನಾಳಕ್ಕೆ ಹರಿಸಿ, ಸಾವಿನಂಚಿನಲ್ಲಿದ್ದ ಕೆಲವರನ್ನು ಬದುಕಿಸಿದ. ಆ ವಿಧಾನ ಬಹುಕಾಲ ಮೂಲೆಗುಂಪಾಗಿ, ನಂತರ ಆಸ್ಪತ್ರೆಗಳ ಮುಖ್ಯ ಚಿಕಿತ್ಸೆಯಾಯಿತು. ಆದರೆ ಅದಕ್ಕೆ ಸೂಜಿ ಬೇಕು, ಶುದ್ಧ ದ್ರವ ಬೇಕು, ಪಳಗಿದ ಕೈ ಬೇಕು. ಕಾಲರಾ ಬರುವುದು ಇವು ಯಾವುವೂ ಇಲ್ಲದ ಊರಿಗೆ. 1953ರಲ್ಲಿ ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ, 186 ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಗುಣಪಡಿಸಿದ್ದಾಗಿ ಬರೆದರು. ವೈದ್ಯಲೋಕ ಅದಕ್ಕೆ ಕಿವಿಗೊಡಲಿಲ್ಲ.

ಭೇದಿಯ ಕಾಲದಲ್ಲೂ ಕರುಳು ಸುಮ್ಮನಿರುವುದಿಲ್ಲ. ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪಿನಂಶವನ್ನು ಜೊತೆಗೆ ಕರೆದೊಯ್ಯುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ. ಬರಿಯ ನೀರು ಸಾಲದು, ಬರಿಯ ಉಪ್ಪುನೀರೂ ಸಾಲದು. 1960ರ ದಶಕದಲ್ಲಿ ಇದು ಸ್ಪಷ್ಟವಾಯಿತು. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಕೇಂದ್ರದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಬಂಗಾಳಿ ಸಹೋದ್ಯೋಗಿಗಳು, ಈ ದ್ರಾವಣ ಕುಡಿಸಿದರೆ ರಕ್ತನಾಳಕ್ಕೆ ಕೊಡಬೇಕಾದ ದ್ರವದಲ್ಲಿ ಐದರಲ್ಲಿ ನಾಲ್ಕು ಪಾಲು ಉಳಿಯುತ್ತದೆಂದು ತೋರಿಸಿದರು.

ಮೂರೇ ವರ್ಷದಲ್ಲಿ ಅದಕ್ಕೆ ಕಠಿಣ ಪರೀಕ್ಷೆ ಎದುರಾಯಿತು. 1971ರ ಯುದ್ಧದಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳದ ಬೊನಗಾಂವ್‌ಗೆ ಬಂದರು; ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೂ ರೋಗಿಗಳು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಆಗ ವೈದ್ಯ ದಿಲೀಪ್ ಮಹಲನಬಿಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ದಾದಿಯರಲ್ಲ, ರೋಗಿಗಳ ತಾಯಂದಿರು, ಅಣ್ಣತಮ್ಮಂದಿರು. ಶಿಬಿರಗಳಲ್ಲಿ ನೂರಕ್ಕೆ 30ರಷ್ಟಿದ್ದ ಸಾವು, ಅವರು ಚಿಕಿತ್ಸೆ ನೀಡಿದ 3,700ಕ್ಕೂ ಹೆಚ್ಚು ರೋಗಿಗಳಲ್ಲಿ 3.6ಕ್ಕೆ ಇಳಿಯಿತು. ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ. ಅವರು ತೀರಿಕೊಂಡದ್ದು 2022ರಲ್ಲಿ!

ನಮ್ಮ ಪಾಲಿಗೆ ಈ ಇತಿಹಾಸದ ಅತ್ಯಂತ ಸ್ವಾರಸ್ಯಕರ ಭಾಗ ಇನ್ನು ಮುಂದಿನದು. 1980ರಿಂದ 1990ರವರೆಗೆ ಬಾಂಗ್ಲಾದೇಶದ 'ಬ್ರಾಕ್' ಸಂಸ್ಥೆಯ ಕಾರ್ಯಕರ್ತೆಯರು ಸುಮಾರು 1.2 ಕೋಟಿ ಮನೆಗಳಿಗೆ ಕಾಲ್ನಡಿಗೆಯಲ್ಲೇ ಎಂಬಂತೆ ತಲುಪಿದರು. ಹಳ್ಳಿಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಇಷ್ಟೇ ಪಾಠ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆದ್ದರಿಂದ ತಾಯಿ ತನ್ನ ಕೈಯಾರೆ ಕಲಸಿ ತೋರಿಸಬೇಕು. ಕಾರ್ಯಕರ್ತೆಗೆ ಸಂಬಳ ಸಿಗುತ್ತಿದ್ದುದು ಸುತ್ತಿದ ಮನೆಗಳ ಲೆಕ್ಕದ ಮೇಲಲ್ಲ, ಕಲಿತವಳಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ.

ಹೀಗಿದ್ದೂ ಆರಂಭದಲ್ಲಿ ಕಲಿತವರು ಹಲವರು, ಬಳಸಿದವರು ಕೆಲವರೇ. ವಿಚಾರಿಸಿದಾಗ, ಕಲಿಸುವ ಕೆಲವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲವೆಂದು ತಿಳಿಯಿತು. ಮನೆಯ ಗಂಡಸರಿಗಂತೂ ಯಾರೂ ಏನೂ ಹೇಳಿರಲಿಲ್ಲ. ಸಂಸ್ಥೆ ಮೊದಲು ತನ್ನವರಿಗೇ ಇದರ ಒಳಗುಟ್ಟನ್ನು ವಿವರಿಸಿತು. ಸಂತೆ ಮತ್ತು ಮಸೀದಿಗಳಲ್ಲಿ ಗಂಡಸರನ್ನು ಕಂಡು ಮಾತಾಡಿತು. ಬಳಕೆ ಏರಿತು.

ಅನ್ನದ ವಿಚಾರದಲ್ಲೂ ತಿಳುವಳಿಕೆ ಹೀಗೆಯೇ ಬದಲಾಯಿತು. ಹಸಿದ ಕರುಳು ಬೇಗ ಚೇತರಿಸುವುದಿಲ್ಲ. ಎದೆಹಾಲು ನಿಲ್ಲಿಸಬಾರದು, ದೊಡ್ಡ ಮಕ್ಕಳಿಗೆ ಗಂಜಿ, ಮೆತ್ತಗಿನ ಅನ್ನ, ಬಾಳೆಹಣ್ಣು, ಮೊಸರನ್ನು ಸ್ವಲ್ಪಸ್ವಲ್ಪವಾಗಿ, ಪದೇಪದೇ ಕೊಡಬೇಕು. ಉಪ್ಪು ಹಾಕಿದ ಗಂಜಿ ತಿಳಿಯನ್ನು ಬಡವರ ಊಟವೆಂದು ಕಡೆಗಣಿಸಿದವರೇ ನಾವು. ಢಾಕಾದ ವಿಜ್ಞಾನಿಗಳು 1980ರ ದಶಕದಲ್ಲಿ ಅಕ್ಕಿಹಿಟ್ಟಿನ ದ್ರಾವಣ ಪರೀಕ್ಷಿಸಿದಾಗ, ಕಾಲರಾ ರೋಗಿಗಳಲ್ಲಿ ಭೇದಿಯ ಪ್ರಮಾಣವೇ ಇಳಿದಿತ್ತು.

ನಮ್ಮ ಅಂಗಡಿಗಳಲ್ಲಿ ಮಾತ್ರ ಬೇರೊಂದು ಕಥೆ ನಡೆದಿತ್ತು. 'ಓಆರ್‌ಎಸ್' ಎಂಬ ಅಕ್ಷರ ಹೊತ್ತ, ಸಕ್ಕರೆಯೇ ಹೆಚ್ಚಿರುವ ಪಾನೀಯಗಳು ವರ್ಷಗಟ್ಟಲೆ ಮಾರಾಟವಾದವು. ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ದೀರ್ಘಕಾಲ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ತಡೆಯಿತು. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ನೋಡಿಕೊಳ್ಳೋಣ. ಮೇಲೆ ಬರೆದಷ್ಟೇ ನೀರಿಗೆ, ಇಡೀ ಪೊಟ್ಟಣವನ್ನು ಒಮ್ಮೆಗೇ ಬೆರೆಸೋಣ.