ಸಿಬ್ಬಂದಿ ಕಡಿತದ ಲೆಕ್ಕ ವಾರ್ಡಿನಿಂದ ಶುರುವಾಗಲಿ

ಆಸ್ಪತ್ರೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದು. ಹಾಗಾಗಿ ಹಣದ ಮುಗ್ಗಟ್ಟು ಬಂದಾಗಲೆಲ್ಲ ಕತ್ತರಿ ಬೀಳುವುದು ಹುದ್ದೆಗಳ ಮೇಲೆ, ಅದರಲ್ಲೂ ನರ್ಸ್‌ಗಳ ಮೇಲೆ. 1990ರ ದಶಕದಲ್ಲಿ ಅಮೆರಿಕದ ಅನೇಕ ಆಸ್ಪತ್ರೆಗಳು ಪುನರ್‌ರಚನೆಯ ಹೆಸರಿನಲ್ಲಿ ತರಬೇತಾದ ನರ್ಸ್‌ಗಳ ಕೆಲಸವನ್ನು ಸಹಾಯಕರಿಗೆ ವಹಿಸಿದವು. ಇದರಿಂದ ರೋಗಿಗೆ ಏನಾಗುತ್ತದೆ ಎಂಬುದಕ್ಕೆ ಆಗ ಗಟ್ಟಿ ಪುರಾವೆ ಇರಲಿಲ್ಲ.

ಪುರಾವೆ ಬಂದದ್ದು 2002ರಲ್ಲಿ. ಸಂಶೋಧಕಿ ಲಿಂಡಾ ಐಕನ್ ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆ ನೋಡಿತು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಅಧ್ಯಯನದಲ್ಲೂ ಹೆಚ್ಚುಕಡಿಮೆ ಅದೇ ಅಂಕಿ ಕಂಡಿತು.

ಕಾರಣ ತಿಳಿಯಲು ರಾತ್ರಿಪಾಳಿಯ ವಾರ್ಡನ್ನು ನೋಡಬೇಕು. ಹೊಟ್ಟೆಯ ಆಪರೇಷನ್ ಆದವರ ನಾಡಿ ತುಸು ಏರುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಮಾತು ತೊದಲುತ್ತದೆ. ಒಂದೊಂದೂ ಸಣ್ಣದು, ಮೂರನ್ನೂ ಕೂಡಿಸಿ ನೋಡಿ ಡಾಕ್ಟರನ್ನು ಎಬ್ಬಿಸುವವರು ಬೇಕು. ಹದಿನೈದು ಹಾಸಿಗೆಗೆ ಒಬ್ಬರೇ ಇದ್ದರೆ ಇಂಜೆಕ್ಷನ್, ಡ್ರಿಪ್ಪು ಹೇಗೋ ನಡೆದುಹೋಗುತ್ತದೆ, ನಿಂತು ನೋಡುವುದು ತಪ್ಪುತ್ತದೆ. ತಪ್ಪಿದ್ದು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಕಡಿತ ಸುಲಭವೆನಿಸುವಂತೆ ಮಾಡುವುದೂ ಇದೇ.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಇಂಥ ಕಡಿತಕ್ಕೆ ತೆತ್ತ ಬೆಲೆ ದೊಡ್ಡದು. ಅದರ ಆಡಳಿತ 2006–07ರಲ್ಲಿ ಒಂದು ಕೋಟಿ ಪೌಂಡ್ ಉಳಿಸಲು ಹೊರಟು ನೂರೈವತ್ತಕ್ಕೂ ಹೆಚ್ಚು ಹುದ್ದೆ ಕಡಿಯಿತು. ಕುಡಿಯಲು ನೀರು ಸಿಗದ, ಹೊಲಸಾದ ಹಾಸಿಗೆಯಲ್ಲೇ ಮಲಗಿದ್ದ ರೋಗಿಗಳ ಸಂಕಟ ತನಿಖೆಯಲ್ಲಿ ಬಯಲಾಯಿತು. ತನಿಖೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ ಅವರ ಅಂತಿಮ ವರದಿ 2013ರಲ್ಲಿ ಹೊರಬಂತು. ಮರುವರ್ಷದಿಂದ ಇಂಗ್ಲೆಂಡಿನ ಆಸ್ಪತ್ರೆಗಳು ವಾರ್ಡುಗಳ ಸಿಬ್ಬಂದಿ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕಾಯಿತು.

ನರ್ಸ್–ರೋಗಿ ಅನುಪಾತವನ್ನೇ ಕಾನೂನಾಗಿಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾ 2004ರಲ್ಲಿ ಜಾರಿಗೆ ತಂದಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ನಾಲ್ಕು, ರಾತ್ರಿ ಏಳು ರೋಗಿಗಳಿಗೆ ಒಬ್ಬ ನರ್ಸ್ ಎಂದು ಗೊತ್ತುಮಾಡಿತು. ರೋಗಿಗಳು ಬೇಗ ಮನೆಗೆ ಹೋಗಿ, ಮರುದಾಖಲಾತಿ ಇಳಿದದ್ದರಿಂದ ಉಳಿದ ಹಣ ಹೆಚ್ಚುವರಿ ನರ್ಸ್‌ಗಳ ವೆಚ್ಚದ ಎರಡು ಪಟ್ಟಿಗಿಂತ ಹೆಚ್ಚೆಂದು 2021ರ ಅಧ್ಯಯನ ಅಂದಾಜಿಸಿತು.

ಹಾಗಾದರೆ ಕಡಿತವೇ ಕೂಡದೆ? ಕೆಲವೊಮ್ಮೆ ಅನಿವಾರ್ಯ. ಆಗ ಮೊದಲು ಇಳಿಯಬೇಕಾದದ್ದು ಕೆಲಸದ ಹೊರೆ: ನರ್ಸ್‌ಗಳ ಕೈಯಿಂದ ಸ್ಟೋರಿನ ಓಡಾಟ, ನಕಲು ಬರವಣಿಗೆ ಬಿಡಿಸಬೇಕು, ಹುದ್ದೆಯ ಜೊತೆಗೆ ಅಷ್ಟೇ ಹಾಸಿಗೆಗಳನ್ನೂ ಮುಚ್ಚಬೇಕು. ಬೀಳುವಿಕೆ, ಹಾಸಿಗೆ ಹುಣ್ಣು, ಸೋಂಕುಗಳನ್ನು ತಿಂಗಳು ತಿಂಗಳು ಎಣಿಸಿ, ಏರಿದರೆ ಆದೇಶ ಹಿಂಪಡೆಯುವ ಧೈರ್ಯವಿರಬೇಕು. ಹುದ್ದೆ ತೆಗೆದು ಹಾಸಿಗೆ ಉಳಿಸಿದರೆ ಅದು ಉಳಿತಾಯವೇ ಅಲ್ಲ.

ನಮ್ಮಲ್ಲಿ ಕಡಿತ ಸದ್ದು ಮಾಡುವುದಿಲ್ಲ. ನಿವೃತ್ತರ ಜಾಗ ಖಾಲಿ ಉಳಿಯುತ್ತದೆ, ಗುತ್ತಿಗೆ ನರ್ಸ್ ಬೇರೆ ಕಡೆ ಹೋಗುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಗೆ ಐದು ರೋಗಿಗಳಿಗೊಬ್ಬ ನರ್ಸ್, ಬೋಧನಾ ಆಸ್ಪತ್ರೆಗೆ ಮೂವರಿಗೊಬ್ಬರು ಎನ್ನುತ್ತದೆ. ಈ ಪಾಳಿಯಲ್ಲಿ ರೋಗಿಗಳೆಷ್ಟು, ನರ್ಸ್‌ಗಳೆಷ್ಟು ಎಂಬ ಎರಡು ಅಂಕಿಗಳನ್ನು ನಮ್ಮ ಜಿಲ್ಲಾಸ್ಪತ್ರೆಗಳು ಪ್ರತಿ ವಾರ್ಡಿನ ಬಾಗಿಲಲ್ಲಿ ಬರೆದು ಹಾಕಲಿ. ಬರೆಯದಿದ್ದರೆ, ರೋಗಿಯ ಕಡೆಯವರಾದ ನಾವು ಕೇಳೋಣ.