ನಮ್ಮ ಸೀಮೆಯ ಹಳೆಯ ಕಾರುಗಳು

– ಹಳೆಯ ವಿದ್ಯಾರ್ಥಿ (2004ರ ಎಸ್‌ಎಸ್‌ಎಲ್‌ಸಿ ತಂಡ), ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದ್ದರು. ನಾನು ಇತಿಹಾಸ ಓದಿದವನಲ್ಲ ಸಾರ್, ಇಂಜಿನಿಯರಿಂಗ್ ಓದಿದವನು ಎಂದೆ. "ಊರಿಗೆ ಬಂದಾಗಲೆಲ್ಲ ಕಂಡವರ ಶೆಡ್ಡಿಗೆ ನುಗ್ಗಿ ಹಳೇ ಕಾರಿನ ಫೋಟೋ ತೆಗೀತೀಯಂತಲ್ಲ, ಅದನ್ನೇ ಬರಿ" ಎಂದರು. ಮೇಷ್ಟ್ರ ಮಾತು ಮೀರುವಂತಿಲ್ಲ. ಹತ್ತನೇ ತರಗತಿಯಲ್ಲಿ ಅವರ ವಿಷಯದಲ್ಲೇ ನನಗೆ ಅತಿ ಕಡಿಮೆ ಅಂಕ ಬಂದಿತ್ತು. ಆ ಬಾಕಿ ಈಗ ತೀರಿಸುತ್ತಿದ್ದೇನೆ ಎಂದುಕೊಳ್ಳಿ.

ಈ ಹುಚ್ಚು ಹಿಡಿದದ್ದು 2013ರ ದೀಪಾವಳಿ ರಜೆಯಲ್ಲಿ. ಬಾಳೂರು ಕಡೆಯ ಒಂದು ತೋಟಕ್ಕೆ ನೆಂಟರ ಜೊತೆ ಹೋಗಿದ್ದೆ. ಪಲ್ಪರ್ ಮನೆಯ ಹಿಂದೆ ಅಡಿಕೆ ಹಾಳೆಗಳ ರಾಶಿಯ ಕೆಳಗೆ ಒಂದು ಜೀಪಿನ ಮೂತಿ ಕಾಣಿಸಿತು. ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿದರೆ ಒಂಬತ್ತು. ಮಾಮೂಲಿ ಜೀಪುಗಳಿಗೆ ಏಳು ಇರುತ್ತವೆ. ಒಂಬತ್ತು ಸೀಳು ಇರುವುದು ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾದ ಜೀಪಿಗೆ. ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಮಾರಿದ ಗಾಡಿಗಳು ಕೈಯಿಂದ ಕೈಗೆ ದಾಟಿ ನಮ್ಮ ಕಾಡಿನವರೆಗೆ ಬಂದಿದ್ದವು. ಎಲ್ಲೋ ಸೈನಿಕರನ್ನು ಹೊತ್ತ ಗಾಡಿ ಇಲ್ಲಿ ಗೊಬ್ಬರದ ಮೂಟೆ ಹೊತ್ತು ಮುದಿಯಾಗಿತ್ತು. ಅಂದು ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವೇ ನನ್ನ ಸಂಗ್ರಹದ ಮೊದಲನೆಯದು. ಈಗ ಮೂಡಿಗೆರೆ, ಬಣಕಲ್, ಗೋಣಿಬೀಡು, ಕಳಸದ ದಾರಿ ಎಲ್ಲ ಸೇರಿ 63 ವಾಹನಗಳ ಚಿತ್ರಗಳಿವೆ. ಅವುಗಳಲ್ಲಿ ಓಡುವ ಸ್ಥಿತಿಯಲ್ಲಿ ಇದ್ದವು ಹನ್ನೊಂದು ಮಾತ್ರ.

ನಮ್ಮ ಸೀಮೆಗೆ ಮೋಟಾರು ಮೊದಲು ಬಂದದ್ದು ಕಾಫಿಯ ಹಿಂದೆ. ಬ್ರಿಟಿಷ್ ತೋಟಗಾರರ ಕಾಲದ ಕಾರುಗಳು ಒಂದೋ ಹಡಗಿನಲ್ಲಿ ಇಡಿಯಾಗಿ ಬರುತ್ತಿದ್ದವು, ಇಲ್ಲವೇ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಜನರಲ್ ಮೋಟಾರ್ಸ್ ಕಂಪನಿ 1928ರಲ್ಲೇ ಬೊಂಬಾಯಿಯಲ್ಲಿ ಜೋಡಣೆ ಆರಂಭಿಸಿತ್ತು. 1953ರಲ್ಲಿ ಸುಂಕ ಆಯೋಗ, ಇಲ್ಲಿ ಪೂರ್ತಿ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಜೋಡಣೆ ನಿಲ್ಲಿಸಬೇಕೆಂದಿತು. ಮರುವರ್ಷ ವಿದೇಶಿ ಕಂಪನಿಗಳು ಬಾಗಿಲು ಹಾಕಿದವು. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ನಮ್ಮ ರಸ್ತೆಗಳಲ್ಲಿ ಕಂಡದ್ದು ಮುಖ್ಯವಾಗಿ ಮೂರೇ ಜಾತಿಯ ಕಾರು: ಕಲ್ಕತ್ತಾ ಬಳಿಯ ಉತ್ತರಪಾರದ ಅಂಬಾಸಿಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇವುಗಳ ಜೊತೆಗೆ ಮಹೀಂದ್ರಾದವರ ಜೀಪು.

ಹೆರಾಲ್ಡ್ ನಮ್ಮಲ್ಲಿ ಹೆಚ್ಚು ಬಾಳಲಿಲ್ಲ. ನೋಡಲು ಚೆಲುವೆ. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ, ಚಕ್ರದ ಮೇಲೆ ಕೂತುಕೊಂಡೇ ರಿಪೇರಿ ಮಾಡಬಹುದು. ಆದರೆ 948 ಸಿಸಿಯ ಆ ಪುಟ್ಟ ಇಂಜಿನ್ನು ನಮ್ಮ ಏರುಗಳಲ್ಲಿ ಏದುಸಿರು ಬಿಡುತ್ತಿತ್ತಂತೆ. ನನಗೆ ಸಿಕ್ಕಿದ್ದು ಒಂದೇ ಹೆರಾಲ್ಡ್, ಅದೂ ಚಕ್ರಗಳಿಲ್ಲದೆ, ಗೋಣಿಬೀಡಿನ ಹತ್ತಿರ. ಹಳೆಯ ಫಿಯೆಟ್ ಗುರುತಿಸುವುದು ಸುಲಭ, ಮುಂದಿನ ಬಾಗಿಲಿನ ಕೀಲು ಹಿಂಬದಿಗೆ ಇರುತ್ತದೆ. ರೇಷ್ಮೆ ಸೀರೆ ಉಟ್ಟವರು ನೆರಿಗೆ ಹಿಡಿದುಕೊಂಡು ಇಳಿಯಲು ಇದೇ ಅನುಕೂಲ ಎಂದು ನನ್ನ ಅತ್ತೆ ಹೇಳುತ್ತಾರೆ. ಯಾವ ಕಂಪನಿಯ ಇಂಜಿನಿಯರೂ ಇದನ್ನು ಯೋಚಿಸಿರಲಾರ.

ವಾಹನದ ವಯಸ್ಸು ತಿಳಿಯಲು ಮೊದಲು ನಂಬರ್ ಪ್ಲೇಟ್ ನೋಡಬೇಕು. ಎಂವೈ ಎಂದಿದ್ದರೆ ಅದು ಮೈಸೂರು ರಾಜ್ಯದ ಕಾಲದಲ್ಲಿ ಶುರುವಾದ ಸರಣಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆದರೆ ಕೆಎ ಎಂಬ ಅಕ್ಷರ ಬಂದದ್ದು 1988ರ ಮೋಟಾರು ವಾಹನ ಕಾಯ್ದೆಯ ನಂತರ. ಆಗ ನಮ್ಮ ಚಿಕ್ಕಮಗಳೂರಿಗೆ 18 ಸಿಕ್ಕಿತು. ಪ್ಲೇಟು ಇಲ್ಲದಿದ್ದರೆ ಜಾಲರಿ, ದೀಪ, ಬಾಗಿಲಿನ ಹಿಡಿ. ಅದೂ ಇಲ್ಲದಿದ್ದರೆ ಗ್ಯಾರೇಜಿನ ಸಾಬ್ರು. ತುಕ್ಕು ಹಿಡಿದ ಒಂದು ಬೋಲ್ಟು ಕೈಯಲ್ಲಿ ಹೊರಳಿಸಿ ಇದು ಯಾವ ಗಾಡಿಯದು ಎಂದು ಹೇಳಬಲ್ಲರು ಅವರು.

ಬಸ್ ಸ್ಟ್ಯಾಂಡಿನ ಹಲಸಿನ ಮರದ ಕೆಳಗೆ ನಿಲ್ಲುತ್ತಿದ್ದ ಕಪ್ಪು ಅಂಬಾಸಿಡರ್ ಟ್ಯಾಕ್ಸಿ ನನ್ನ ಓರಗೆಯವರಿಗೆಲ್ಲ ನೆನಪಿರಬೇಕು. ಮದುವೆ, ದಿಬ್ಬಣ, ಧರ್ಮಸ್ಥಳ ಯಾತ್ರೆ, ಹೆರಿಗೆ, ಹಾವು ಕಚ್ಚಿದ್ದು, ಎಲ್ಲಕ್ಕೂ ಅದೇ. ಆಂಬ್ಯುಲೆನ್ಸ್ ಎಂಬ ಶಬ್ದವನ್ನು ನಾವು ಇಂಗ್ಲಿಷ್ ಪಾಠದಲ್ಲಿ ಕಲಿತೆವೇ ಹೊರತು ಊರಿನಲ್ಲಿ ಕಂಡಿರಲಿಲ್ಲ. ಚಾರ್ಮಾಡಿ ಹತ್ತುವಾಗ ರೇಡಿಯೇಟರ್ ಕುದಿಯುತ್ತದೆಂದು ಡ್ರೈವರಣ್ಣ ಡಿಕ್ಕಿಯಲ್ಲಿ ಎರಡು ಕ್ಯಾನು ನೀರು ಇಡುತ್ತಿದ್ದರು. ಮಳೆಗಾಲದಲ್ಲಿ ಅದರ ಜೊತೆ ಒಂದು ಕೊಡಲಿ, ರಸ್ತೆಗೆ ಬಿದ್ದ ಮರ ಕಡಿಯಲು. ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ನಿಲ್ಲಿಸಿ, ನಾಣ್ಯ ಹಾಕಿಯೇ ಮುಂದೆ.

ಆ ಕಾರು ಗುಜರಿಗೆ ಹೋಗಿ ವರ್ಷಗಳಾಗಿವೆ. ಆದರೆ ಡ್ರೈವರಣ್ಣ ಬಾಡಿಗೆ ಬರೆದಿಡುತ್ತಿದ್ದ ಆರು ಪುಸ್ತಕಗಳು ಅಟ್ಟದ ಮೇಲಿದ್ದವು. 2018ರಲ್ಲಿ ಅವರ ಮಗಳು ತೋರಿಸಿದರು, ಒಂದೊಂದು ಪುಟದ ಚಿತ್ರ ತೆಗೆದುಕೊಂಡೆ. ನನ್ನ ಮಟ್ಟಿಗೆ ಅದು 63 ಕಾರುಗಳಿಗಿಂತ ದೊಡ್ಡದು. ತಾರೀಖು, ಊರು, ಕಾರಣ, ಮೊತ್ತ, ಸಂದಾಯ ಅಥವಾ ಬಾಕಿ. ಜೂನ್, ಜುಲೈ ತಿಂಗಳ ಪುಟಗಳಲ್ಲಿ ಬರೀ 'ಆಸ್ಪತ್ರೆ'. ಲೈನ್ ಮನೆಗಳವರ ಹೆಸರಿನ ಮುಂದೆ ಬಾಕಿ ಹೆಚ್ಚು, ಕೆಲವು ಕಡೆ ಬಾಕಿಯ ಮೇಲೆ ಒಂದು ಅಡ್ಡಗೆರೆ. ಸಂದಾಯವಾದರೆ ಸಂದಾಯ ಎಂದೇ ಬರೆಯುತ್ತಿದ್ದರು. ಅಡ್ಡಗೆರೆ ಎಂದರೆ ಬಿಟ್ಟದ್ದು. 1992ರ ಜುಲೈ ಪುಟದಲ್ಲಿ ನನ್ನ ಅಪ್ಪನ ಹೆಸರಿತ್ತು: 'ಹೆರಿಗೆ, ಮೂಡಿಗೆರೆ, ರಾತ್ರಿ, ಬಾಕಿ'. ನನ್ನ ತಂಗಿ ಹುಟ್ಟಿದ ರಾತ್ರಿ. ಅದರ ಮೇಲೂ ಅಡ್ಡಗೆರೆ. ಅಪ್ಪನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಕಾಫಿ ಮಾರಿದ ಮೇಲೆ ದುಡ್ಡು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲವಂತೆ. ಅಷ್ಟು ಹೇಳಿ ಅಪ್ಪ ಕನ್ನಡಕ ತೆಗೆದಿಟ್ಟು ಕಣದ ಕಡೆಗೆ ಹೋದರು.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಬರೆಯದೆ ಈ ಲೇಖನ ಕೊಟ್ಟರೆ ಸರಿಯಾಗುವುದಿಲ್ಲ.

2016ರಲ್ಲಿ, ಕೊಟ್ಟಿಗೆಹಾರದ ಆಚೆಯ ಒಂದು ಒಂಟಿ ಮನೆಯ ಕೊಟ್ಟಿಗೆಯಲ್ಲಿ ಒಂದು ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್ ಕಂಡೆ. ಅಂಬಾಸಿಡರ್ ಬರುವ ಮೊದಲು ಅದೇ ಕಾರ್ಖಾನೆ ಕೆಲವೇ ವರ್ಷ ತಯಾರಿಸಿದ ಕಾರು, ಬಹಳ ಅಪರೂಪ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಮನೆಯಲ್ಲಿ ಒಬ್ಬರೇ ಅಜ್ಜಿ. ಅವರ ಯಜಮಾನರು ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಕೊಂಡದ್ದಂತೆ. ಸಂತೋಷ ತಡೆಯಲಾರದೆ ಅಂದು ರಾತ್ರಿಯೇ ಹಳೆ ಕಾರಿನ ಹವ್ಯಾಸಿಗಳ ವಾಟ್ಸಾಪ್ ಗುಂಪಿಗೆ ಚಿತ್ರ ಹಾಕಿದೆ, ಊರಿನ ಹೆಸರಿನ ಸಮೇತ. ಮೂರು ವಾರದಲ್ಲಿ ಯಾರೋ ಲಾರಿ ತಂದು, 25 ಸಾವಿರಕ್ಕೆ ಗುಜರಿ ಲೆಕ್ಕದಲ್ಲಿ ಎತ್ತಿಕೊಂಡು ಹೋದರು. ಅದರ ನಿಜವಾದ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಜ್ಜಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಿರಲಿಲ್ಲ.

ವಿಷಯ ತಿಳಿದು ಓಡಿದೆ. ಆರ್‌ಸಿ ಪುಸ್ತಕ ಇನ್ನೂ ಅಜ್ಜಿಯ ಟ್ರಂಕಿನಲ್ಲೇ ಇತ್ತು, ಕೊಂಡವರು ಅದಕ್ಕಾಗಿ ಮತ್ತೆ ಬರುವವರಿದ್ದರು. "ಅಜ್ಜಿ, ಸುಮ್ಮನೆ ಕೊಡಬೇಡಿ, ಅದಕ್ಕೆ ಬೇರೆ ದುಡ್ಡು ಕೇಳಿ" ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರೊಂದ್ ಕಡೆ, ಪುಸ್ತಕ ಒಂದ್ ಕಡೆ ಇರಬಾರ್ದು ಮಗ, ಅವ್ರು ಇದ್ದಿದ್ರೂ ಕೊಡ್ತಿದ್ರು" ಎಂದರು. ಕೊಟ್ಟೂ ಬಿಟ್ಟರು. ನನ್ನನ್ನು ಒಂದು ಮಾತೂ ಬೈಯಲಿಲ್ಲ, ನೀರು ದೋಸೆ ಹಾಕಿಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಯಾವ ಚಿತ್ರದ ಜೊತೆಗೂ ಜಾಗದ ಹೆಸರು ಹಾಕುವುದಿಲ್ಲ. ಚಿತ್ರ ತೆಗೆಯುವ ಮೊದಲು ಮನೆಯವರ ಹತ್ತಿರ ಕೂತು ಇದು ಯಾವ ಕಾರು, ಏನು ಬೆಲೆ ಬರಬಹುದು ಎಂದು ಹೇಳುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿದೆ. ಮೂಲ ರೂಪದಲ್ಲೇ ಇರುವ, 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಾಯಿಸಲು 20 ಸಾವಿರ ರೂಪಾಯಿ ಶುಲ್ಕ. ಮೊದಲೇ ನೋಂದಣಿಯಾದ ಗಾಡಿಯಾದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹಾಗಾಗಿ ಹಳೇ ಆರ್‌ಸಿ ಪುಸ್ತಕವನ್ನು ದಯವಿಟ್ಟು ಒಲೆಗೆ ಹಾಕಬೇಡಿ. ಮೂರು ಮನೆಗಳಲ್ಲಿ ಹಾಗೆ ಹಾಕಿದ್ದನ್ನು ಕೇಳಿ ಬಂದಿದ್ದೇನೆ.

ನಮ್ಮಲ್ಲಿ ಹಳೆಯ ಕಾರುಗಳು ಒಮ್ಮೆಲೇ ಮಾಯವಾದದ್ದು 1994ರ ನಂತರ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಯಿತು, ಇಲ್ಲಿ ರೇಟು ಏರಿತು. ಕಾಫಿ ಬೋರ್ಡಿನ ಹಿಡಿತವೂ ಆಗಲೇ ಸಡಿಲವಾಗಿತ್ತು. ಅಂಗಳಕ್ಕೆ ಮಾರುತಿ ಬಂತು, ಅಂಬಾಸಿಡರ್ ಕೊಟ್ಟಿಗೆಗೆ ಸರಿಯಿತು. ಜೀಪುಗಳು ಮಾತ್ರ ಇನ್ನೂ ದುಡಿಯುತ್ತಿವೆ.

ಕಡೆಯದಾಗಿ ಒಂದು ಕೋರಿಕೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನಮ್ಮ ಶಾಲೆ ಆರಂಭವಾದ ದಿನದ, 1975ರ ಫೋಟೋ ತೂಗುಹಾಕಿದೆ. ಐದು ವರ್ಷ ಅಲ್ಲಿ ಓಡಾಡಿದರೂ ನಾನು ನೋಡಿದ್ದು ಮನುಷ್ಯರನ್ನು ಮಾತ್ರ. ಕಳೆದ ತಿಂಗಳು ಹೋದಾಗ ಎಡ ಅಂಚಿನಲ್ಲಿ ಅರ್ಧ ಕಾರು ಕಂಡಿತು. ಒತ್ತೊತ್ತಾದ ಚೌಕುಳಿ ಜಾಲರಿ ನೋಡಿದರೆ ಅಂಬಾಸಿಡರ್ ಮಾರ್ಕ್ ಎರಡು. ನಂಬರಿನಲ್ಲಿ ಎಂವೈ ಎಂಬಷ್ಟು ಓದಬಹುದು, ಉಳಿದದ್ದಕ್ಕೆ ಬಾಳೆಕಂಬ ಅಡ್ಡ ಬಂದಿದೆ. ಉದ್ಘಾಟನೆಗೆ ಬಂದ ಅತಿಥಿಗಳದ್ದು ಎಂದು ಕೆಲವರು, ತೋಟದವರೊಬ್ಬರು ಆ ದಿನದ ಮಟ್ಟಿಗೆ ಕಳಿಸಿಕೊಟ್ಟದ್ದು ಎಂದು ಇನ್ನು ಕೆಲವರು ಹೇಳುತ್ತಾರೆ. ಬಾನೆಟ್ಟಿಗೆ ಒರಗಿ ನಿಂತ, ಬಿಳಿ ಅಂಗಿಯ ಹುಡುಗ ಯಾರೆಂದು ಯಾರಿಗೂ ತಿಳಿದಿಲ್ಲ. ಮೊದಲ ತಂಡದ ಹಿರಿಯರು ಮಹೋತ್ಸವಕ್ಕೆ ಬಂದಾಗ ಆ ಫೋಟೋದ ಮುಂದೆ ಒಂದು ನಿಮಿಷ ನಿಲ್ಲಬೇಕು. ಕಾರಿನದಾಗಲಿ ಹುಡುಗನದಾಗಲಿ ಗುರುತು ಹತ್ತಿದರೆ ಶಾಲಾ ಕಛೇರಿಯಲ್ಲಿ ಬರೆಸಿ ಹೋಗಿ. ಮೂರು ದಿನವೂ ನಾನು ಅಲ್ಲೇ ಇರುತ್ತೇನೆ.